ಒಳಅಂಚು

ಧಾರಬಾಂದೋಡಾ ತಿರುವಿನ ನನ್ನ ತಗಡಿನ ಶೆಡ್ಡಿಗೆ
ಅದಿರಿನ ಟ್ರಕ್ಕು ಬರೂದು ನಿಂತು ಭಾಳ ವರ್ಷ ಆತು.
ಈಗ ಬರತಾವು ಹಾಲಿನ ಟೆಂಪೊ, ಟೂರಿಸ್ಟ್ ಬಸ್ಸು,
ಒಂದೊಂದು ದಿನ ಬರೇ ನಾಯಿ.
ಮೊನ್ನೆ ಬಂದದ್ದು ಒಂದು ಮನಿ.

ಎರಡು ಗಾಲಿ, ಒಂದು ಆಕ್ಸಲ್, ಕಿಟಕಿಗೆ ಪರದೆ,
ಬಾಗಲ ಮ್ಯಾಲ ಒಣಗಾಕ ಹಾಕಿದ ಟವೆಲ್ಲು.
ಎಳಿಯೂ ಜೀಪಿನಿಂದ ಪ್ರಿಯೋಳಕರ ಸಾಹೇಬ್ರು ಇಳದ್ರು.
"ಆರು ತಿಂಗಳಿಗೆ ಮೂರು ಟಾಯರ್. ಎಡಗಡೆ ಅಷ್ಟ.
ಕಂಪನಿಯವರ ಮೋಸ. ಇಲ್ಲಾ ರಸ್ತಾದ್ದು."
"ಇವರು ಗುಂಡಿ ನೋಡೂದಿಲ್ಲ, ಗುಡ್ಡ ನೋಡತಾರ,"
ಅಂದ್ರು ಹಿಂದಿಂದ ಸುಲಭಾಬಾಯಿ.

ನಾನು ಕುಕ್ಕರಗಾಲಾಗ ಕುಂತು ಅಂಗೈ ಸವರಿದೆ.
ಟಾಯರ್ ಓದೂದು ಕಣ್ಣಿಂದ ಅಲ್ಲ.
ನಡುವ ಸವದ್ರ ಗಾಳಿ ಹೆಚ್ಚು,
ಎರಡೂ ಅಂಚು ಸವದ್ರ ಗಾಳಿ ಕಡಿಮಿ.
ಕೈ ಹೋಗೂಮುಂದ ನುಣುಪು, ಬರೂಮುಂದ ಗರಗಸ ಹತ್ತಿದ್ರ
ಗಾಲಿ ಒಂದು ಕಡೆ ಮಾರಿ ಮಾಡಿ ಇನ್ನೊಂದು ಕಡೆ ನಡದೈತಿ.
ಇಲ್ಲಿ ಹೊರಅಂಚಿನಾಗ
ಅಂಗಡಿಯಿಂದ ಬಂದ ರಬ್ಬರ್ ಕೂದಲ ಇನ್ನೂ ಉದುರಿರಲಿಲ್ಲ.
ಒಳಅಂಚಿನಾಗ ತಂತಿ ಹಲ್ಲು ಕಿಸಿದಿತ್ತು.

ಜಾಕ್ ಹಚ್ಚಿ ಕೆಳಗ ಹೊಕ್ಕೆ.
ಮುಂದಿನ ಕೊಕ್ಕಿಯಿಂದ ಆಕ್ಸಲ್ಲಿನ ಎರಡೂ ತುದಿಗೆ
ದಾರ ಹಿಡದು ಅಳದೆ. ಎರಡೂ ಒಂದ.
ಪಾಟಾ ಗಟ್ಟಿ. ಬೇರಿಂಗಿನಾಗ ಗ್ರೀಸು ಜೇನಿನಂಗ.
ಆಮ್ಯಾಲ ದಾರ ಅಡ್ಡ ಹಿಡದೆ:
ಒಂದ ಬಟ್ಟಿನಷ್ಟು ಎದ್ದಿರಬೇಕಾದ ಬೆನ್ನು
ಎಡಕ್ಕ ಕುಸದು ಮಲಗಿತ್ತು.

ಈ ಕುಸಿತದ ಗುರುತು ನನಗ ಹಳೇದು.
ಚೀಟಿ ಹತ್ತು ಟನ್ನಿಂದು, ಮಣ್ಣು ಹದಿನಾಲ್ಕು,
ದಿನಕ್ಕ ಎಂಟು ಖೇಪು, ಹೊಳಿ ದಂಡಿಯ ಬಾರ್ಜಿನತನಕ.
ಕಬ್ಬಿಣ ಬಾಯಿ ಬಿಟ್ಟು ಅಳೂದಿಲ್ಲ,
ಟಾಯರಿನ ಕಡೆಯಿಂದ ಹೇಳಿ ಕಳಸತೈತಿ.

"ಸಾಹೇಬ್ರ, ಒಳಗ ಎಡಗಡೆ ಏನ ಇಟ್ಟೀರಿ?"
ಅವರು ಜೀಪಿನ ಕನ್ನಡಿ ಒರಸಾಕ ಹತ್ತಿದ್ರು.
ಬಾಯಿನ ಹೋಗಿ ಮಂಚದ ಹಲಗಿ ಎತ್ತಿದ್ರು.

ಕಲ್ಲು.
ಹೊಳಿಯೂ ಕಲ್ಲು, ಪದರಗಲ್ಲು, ಸುಟ್ಟ ಬದನಿಕಾಯಿ ಬಣ್ಣದ್ದು,
ಒಂದೊಂದಕ್ಕೂ ಚೀಟಿ, ಚೀಟಿ ಮ್ಯಾಲ ಊರು, ತಾರೀಖು.
ಗಣಿಯಾಗ ಮೂವತ್ತೊಂದು ವರ್ಷ ಕಲ್ಲು ಪಾಸ್ ಮಾಡಿದ ಮನಶಾ.
"ಆಗ ನೋಡಿದ್ದೆಲ್ಲಾ ಹಡಗು ಹತ್ತಿ ಹೋತು," ಅಂದ್ರು,
ಕನ್ನಡಿಗೆ ಹೇಳಿದಂಗ.
ಬಾಜೂ ಗುಜರಿ ಅಂಗಡಿ ತಕ್ಕಡ್ಯಾಗ ತೂಗಿದ್ವಿ:
ಎರಡುನೂರಾ ಹದಿನೆಂಟು ಕಿಲೊ.

"ಬೆಂಕಿ ಹಚ್ಚಿ ನೆಟ್ಟಗ ಮಾಡಲ್ಲ."
ಕಾಸಿದ್ರ ನೆಟ್ಟಗ ಆಗತೈತ್ರಿ, ಗಟ್ಟಿ ಉಳಿಯೂದಿಲ್ಲ.
ಹುಬ್ಬಳ್ಳಿಯಿಂದ ಹೊಸಾದು ಬರಬೇಕು. ಎರಡು ದಿನ.

ಎರಡು ದಿನ ಆ ಮನಿ ನನ್ನ ಶೆಡ್ಡಿನಾಗ ಜಾಕಿನ ಮ್ಯಾಲ ನಿಂತಿತ್ತು.
ಸಂಜೀಕ ಬಾಯಿ ಚಾಕ್ಕ ಕರದ್ರು.
ನನ್ನ ತಗಡಿನ ಕೆಳಗ ನಾನ ಬೀಗ ಆಗಿ
ಚಪ್ಪಲಿ ಬಿಟ್ಟು ಮೆಟ್ಟಲ ಏರಿದೆ.
ಅವರು ಬಗ್ಗಿ ಒಂದನ್ನ ಎತ್ತಿ ತಿರುವಿ ನೋಡಿದ್ರು.
"ದಾವಲಸಾಬ, ಬಲಗಾಲಿಂದು ಹೊಸಾದರಂಗ ಐತಿ.
ಎಡಗಾಲಿಂದಕ್ಕ ಒಳಅಂಚ ಇಲ್ಲ.
ನಿನ್ನ ಮಂಚದ ಕೆಳಗ ಏನೈತಿ?"

ಮಂಚ ಇಲ್ಲರಿ ಬಾಯಿ, ಅಂದೆ. ನೆಲಕ್ಕ ಮಲಗತೇನಿ.
ಸಾಹೇಬ್ರು ನಕ್ಕರು. ಅವರು ನಗಲಿಲ್ಲ.
ಚಾದಾಗ ಸಕ್ರಿ ಕಡಿಮಿ ಇತ್ತು, ಕೇಳಲಿಲ್ಲ.

ಆಕ್ಸಲ್ಲು ಬಸ್ಸಿನ ನೆತ್ತಿ ಮ್ಯಾಲ ಬಂತು,
ಬಾಳಿಗೊನಿ ನಡುವ, ಅದರ ಎಣ್ಣಿ ವಾಸನಿ ಬಾಳಿಗೆ ಹತ್ತಿಸಿ.
ಕಲ್ಲು ಎರಡು ಪಾಲು ಮಾಡಿ ಗಾಲಿಯ ನೇರಕ್ಕ ಜೋಡಿಸಿದೆ.
ಬಿಡ್ರಿ ಅನ್ನಲಿಲ್ಲ. ಅನ್ನೂದು ನನ್ನ ಕೆಲಸ ಅಲ್ಲ.
ತೂಕ ಸಮ ಮಾಡೂಮುಂದ ಒಂದು ಉಳೀತು.
"ನಿನಗ ಇರಲಿ," ಅಂದ್ರು ಸಾಹೇಬ್ರು,
ಚೀಟಿ ಮಾತ್ರ ಬಿಡಿಸಿ ಕಿಸೇಕ ಹಾಕ್ಕೊಂಡ್ರು.

ಅದು ಈಗ ಗಾಲಿಗೆ ಅಡ್ಡಗಲ್ಲು.

ಆವತ್ತು ರಾತ್ರಿ ಬಾಗಲಾ ಹಾಕಿ ಮನಿಗೆ ಹೊಂಟಾಗ
ಬಲಗಾಲ ಮ್ಯಾಲ ಭಾರ ಹಾಕಿ ನಡದು ನೋಡಿದೆ.
ನಾಕ ಹೆಜ್ಜಿ.
ಐದನೇದಕ್ಕ ಕಾಲಿಗೆ
ತನ್ನ ದಾರಿ ನೆನಪಾತು.